ಮೂರು ಕೋಣೆಯ ಕೋಳಿಮನೆ: ನಾಟಿ ಕೋಳಿಯಲ್ಲಿ ವಂಶದ್ದೆಷ್ಟು, ಆಹಾರದ್ದೆಷ್ಟು

ನಾಟಿ ಕೋಳಿಯನ್ನು ಗುರುತಿಸಲು ನಮ್ಮ ಕಡೆಯ ಜನ ಸಾಮಾನ್ಯವಾಗಿ ಮೂರು ಲಕ್ಷಣಗಳನ್ನು ನೋಡುತ್ತಾರೆ: ಮೊಟ್ಟೆಯ ಹಳದಿ ಕೇಸರಿಯ ಹತ್ತಿರಕ್ಕೆ ಬಂದಿರಬೇಕು, ಚಿಪ್ಪು ಕಂದಾಗಿರಬೇಕು, ಕಾಲು ಹಳದಿಯಾಗಿರಬೇಕು. ಇವುಗಳಲ್ಲಿ ಮೊದಲನೆಯದು ಬಹುಪಾಲು ಆಹಾರದ ಫಲ, ಎರಡನೆಯದು ವಂಶದ ಫಲ, ಮೂರನೆಯದಕ್ಕೆ ಎರಡೂ ಕೂಡಿ ಬರಬೇಕು. ಇವನ್ನು ಬೇರ್ಪಡಿಸದೆ ‘ಅಸಲಿ ನಾಟಿ’ ಎಂದು ತೀರ್ಮಾನಿಸಿದರೆ ಕೊಳ್ಳುವವರಿಗೆ ಆಗುವ ನಷ್ಟ ಸಣ್ಣದು, ಸಾಕುವವರಿಗೆ ಆಗುವುದು ದೊಡ್ಡದು. ಆಹಾರದಿಂದ ಬಂದ ಗುಣವನ್ನು ವಂಶದ ಗುಣವೆಂದು ನಂಬಿ ಹುಂಜವನ್ನು ಆರಿಸಿದರೆ ಆ ಗುಣ ಮರಿಗಳಿಗೆ ಇಳಿಯುವುದಿಲ್ಲ. ವಂಶದಲ್ಲೇ ಇಲ್ಲದ್ದನ್ನು ಆಹಾರದಿಂದ ತರಿಸಲು ಹೊರಟರೆ ಫೀಡಿನ ಚೀಲಕ್ಕೆ ಕೊಟ್ಟ ಹಣ ಹಿಕ್ಕೆಯಾಗಿ ಹೋಗುತ್ತದೆ.

ಬೇಲೂರು ತಾಲೂಕಿನಲ್ಲಿ, ಮಲೆನಾಡು ಮುಗಿದು ಬಯಲು ಆರಂಭವಾಗುವ ಸೀಮೆಯಲ್ಲಿರುವ ನಮ್ಮ ಮನೆಯ ಹಿಂದೆ, ದನಗಳಿಲ್ಲದೆ ಖಾಲಿ ಬಿದ್ದಿದ್ದ ಕೊಟ್ಟಿಗೆಯನ್ನು ಮೂರು ಕೋಣೆಯ ಕೋಳಿಮನೆಯಾಗಿ ಮಾರ್ಪಡಿಸಿದ್ದು ಈ ಎರಡನ್ನು ಬೇರೆಬೇರೆಯಾಗಿ ನೋಡುವ ಉದ್ದೇಶದಿಂದಲೇ. ಮೂರು ಕೋಣೆಗೆ ಮೂರು ವಂಶ: ಒಂದು, ನಮ್ಮ ಮನೆಯ ಅಂಗಳದಲ್ಲಿ ಮೊದಲಿನಿಂದಲೂ ಇದ್ದ ಕೋಳಿಗಳು; ಎರಡನೆಯದು, ಅರಕಲಗೂಡು ಕಡೆಯ ನೆಂಟರ ಮನೆಯವು; ಮೂರನೆಯದು, ಸಕಲೇಶಪುರದ ಘಟ್ಟದಂಚಿನ ಒಂದು ಕಾಫಿ ತೋಟದ ಲೈನ್ ಮನೆಗಳವರು ಸಾಕಿಕೊಂಡು ಬಂದವು. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ದೇಶದ ಕೋಳಿ ತಳಿಗಳನ್ನು ನೋಂದಾಯಿಸುತ್ತದೆ; ಅಸೀಲ್, ಕಡಕ್‌ನಾಥ್, ನಿಕೋಬಾರಿ, ತಲಶ್ಶೇರಿ ಮುಂತಾದವು ಆ ಪಟ್ಟಿಯಲ್ಲಿವೆ, ಆಂಧ್ರ ಮತ್ತು ಕರ್ನಾಟಕಗಳದ್ದೆಂದು ಘಾಗಸ್ ಕೂಡ ಇದೆ. ನನ್ನ ಕೋಳಿಗಳಿಗೆ ಅಂಥ ಹೆಸರಿಲ್ಲ. ಹೆಸರಿಲ್ಲದಿದ್ದರೂ ಅವು ಕಾವಿಗೆ ಕೂರುತ್ತವೆ, ಗಿಡುಗನ ನೆರಳು ಕಂಡೊಡನೆ ಮರಿಗಳನ್ನು ಕಾಫಿ ಗಿಡದ ಬುಡಕ್ಕೆ ಕರೆದೊಯ್ಯುತ್ತವೆ, ಕೆದಕಿ ತಿನ್ನುತ್ತವೆ. ಉಳಿಸಿಕೊಳ್ಳಬೇಕಾಗಿರುವುದು ಇದನ್ನೇ.

ಗಿರಿರಾಜ, ಸ್ವರ್ಣಧಾರಾ ತರಬಾರದೇಕೆ ಎಂದು ಹಲವರು ಕೇಳಿದರು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಆ ಕೋಳಿಗಳು ಮಾಂಸಕ್ಕೂ ಮೊಟ್ಟೆಗೂ ಒಳ್ಳೆಯವೇ. ಆದರೆ ಅವು ಮಿಶ್ರತಳಿಗಳಾದ ಕಾರಣ ಅವುಗಳ ಮೊಟ್ಟೆಯನ್ನು ಮನೆಯಲ್ಲಿ ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚೆದುರಿ ಹೋಗುತ್ತವೆ, ಪ್ರತಿ ಸಲ ಮರಿಯನ್ನು ಕೇಂದ್ರದಿಂದಲೇ ತರಬೇಕಾಗುತ್ತದೆ. ವಂಶವನ್ನು ಕಟ್ಟುವ ಕೆಲಸಕ್ಕೆ ಅವು ಹೊಂದುವುದಿಲ್ಲ.

ಕೊಟ್ಟಿಗೆಯ ದುರಸ್ತಿ

ಕೊಟ್ಟಿಗೆ 24 ಅಡಿ ಉದ್ದ, 8 ಅಡಿ ಅಗಲ, ಉದ್ದನೆಯ ಬದಿ ಪೂರ್ವ-ಪಶ್ಚಿಮವಾಗಿತ್ತು. ಕೋಳಿಮನೆಗೆ ಬೇಕಾದ ದಿಕ್ಕೂ ಇದೇ. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಚಿಕ್ಕ ಗೋಡೆಗಳಿಗೆ ಮಾತ್ರ ಬೀಳುತ್ತದೆ, ಮುಂಗಾರಿನ ಇರಿಚಲು ಹೊಡೆಯುವ ಪಶ್ಚಿಮದಲ್ಲಿ ಪೂರ್ತಿ ಎತ್ತರದ ಇಟ್ಟಿಗೆ ಗೋಡೆ ಮೊದಲೇ ಇತ್ತು. ಉದ್ದವನ್ನು ಆರಾರು ಅಡಿಯ ನಾಲ್ಕು ಭಾಗ ಮಾಡಿ, ಮೂರನ್ನು ವಂಶಗಳಿಗೂ ಪೂರ್ವದ ತುದಿಯದನ್ನು ಕಾವಿಗೂ ಮರಿಗಳಿಗೂ ಇಟ್ಟೆವು. ಒಂದೊಂದು ಕೋಣೆ 48 ಚದರ ಅಡಿ. ಎಂಟು ಹೇಂಟೆ, ಒಂದು ಹುಂಜಕ್ಕೆ ತಲೆಗೆ ಐದು ಚದರ ಅಡಿಗೂ ಮೇಲಾಯಿತು. ಹೊಟ್ಟಿನ ಹಾಸಿನ ಮೇಲೆ ಸಾಕುವಾಗ ತಲೆಗೆ ಎರಡು ಚದರ ಅಡಿ ಸಾಕೆನ್ನುವ ಲೆಕ್ಕವಿದೆ, ಆದರೆ ಜುಲೈನಲ್ಲಿ ಇಡೀ ವಾರ ಹೊರಗೆ ಬಿಡಲಾಗದ ದಿನಗಳು ನಮ್ಮಲ್ಲಿ ಬರುವುದರಿಂದ ಜಾಗದಲ್ಲಿ ಜಿಪುಣತನ ಮಾಡಲಿಲ್ಲ. ಅಳತೆ ಹಿಡಿದು ನಿಂತ ಬಡಗಿ, “ಕೋಳಿಗೆ ಇಷ್ಟೊಂದು ಮನೆ ಯಾಕಣ್ಣ, ಮಂಕರಿ ಕವುಚಿದ್ರೆ ಸಾಕಲ್ವ?” ಎಂದ. ಹತ್ತು ಕೋಳಿಗೆ ಅವನ ಮಾತು ಸರಿಯೇ.

ಮಾಡಿನ ಕೆಲಸ ಎಣಿಸಿದ್ದಕ್ಕಿಂತ ಹೆಚ್ಚು ಹಿಡಿಯಿತು. ಪಶ್ಚಿಮದ ಕಡೆಯ ಜಂತೆಗಳಿಗೆ ಗೆದ್ದಲು ಹತ್ತಿದ್ದರಿಂದ ಅವನ್ನು ತೆಗೆದು ತೋಟದ ಸಿಲ್ವರ್ ಓಕಿನ ಮರ ಹಾಕಿ, ಬುಡಕ್ಕೆ ಬಳಸಿದ ಎಂಜಿನ್ ಆಯಿಲ್ ಬಳಿದೆವು. ಹೆಂಚುಗಳು ಹಳೆಯ ಮಂಗಳೂರು ಹೆಂಚುಗಳೇ. ತಗಡು ಅಗ್ಗವಾದರೂ ಮಾರ್ಚ್ ತಿಂಗಳ ಕಾವಿಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮತ್ತು ಹಾಗೆ ಸೆಕೆಗೆ ಸಿಕ್ಕ ಹೇಂಟೆ ತಿನ್ನುವುದನ್ನು ಕಡಿಮೆ ಮಾಡುವುದರಿಂದ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಕೋಣೆಗೊಂದು ಗಾಜಿನ ಹೆಂಚನ್ನು ಕೂರಿಸಿದ್ದು ಬೆಳಕಿಗಾಗಿ. ಹೇಂಟೆಯ ಮೊಟ್ಟೆಯಿಡುವ ಕ್ರಿಯೆ ಹಗಲಿನ ಉದ್ದವನ್ನು ಅನುಸರಿಸುತ್ತದೆ, ಕವಿದ ಮೋಡದ ದಿನಗಳಲ್ಲಿ ಕೊಟ್ಟಿಗೆಯ ಒಳಗೆ ಕತ್ತಲೆಯೇ ಇರುತ್ತದೆ. ಸೂರನ್ನು ದಕ್ಷಿಣಕ್ಕೆ ಮೂರು ಅಡಿ ಮುಂದಕ್ಕೆ ಚಾಚಿದ್ದರಿಂದ ಇರಿಚಲು ಒಳಗೆ ಬರುವುದು ಬಹಳ ಮಟ್ಟಿಗೆ ನಿಂತಿತು.

ಉದ್ದದ ಎರಡೂ ಬದಿಯಲ್ಲಿ ಎರಡು ಅಡಿ ಎತ್ತರಕ್ಕೆ ಇಟ್ಟಿಗೆ, ಅದರ ಮೇಲೆ ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಮೆಶ್. ಕೋಳಿ ಬಲೆ ಎಂದು ಅಂಗಡಿಯಲ್ಲಿ ಕೊಡುವ ಆರು ಮೂಲೆಯ ಕಣ್ಣಿನ ತೆಳು ತಂತಿಯ ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನೂ ಪುನುಗು ಬೆಕ್ಕನ್ನೂ ಹೊರಗಿಡುವುದಿಲ್ಲ, ಅದರ ಕಣ್ಣುಗಳಲ್ಲಿ ಇಲಿ ಸಲೀಸಾಗಿ ನುಸುಳುತ್ತದೆ. ಗೋಡೆಯ ಹೊರಬದಿಯಲ್ಲಿ ಮೆಶ್ಶಿನ ಒಂದು ಅಡಿ ಪಟ್ಟಿಯನ್ನು ಮಣ್ಣಿನೊಳಗೆ ಹೊರಮುಖವಾಗಿ ಮಡಚಿ ಹೂತದ್ದರಿಂದ ಮುಂಗುಸಿ ತೋಡಿದರೂ ತಂತಿಗೇ ಎದುರಾಗುತ್ತದೆ. ಗಂಜಲ ಹರಿಯುತ್ತಿದ್ದ ಹಳೆಯ ಕಾಲುವೆಯ ಬಾಯಿಯನ್ನು ಸಿಮೆಂಟಿನಿಂದ ಮುಚ್ಚಿದೆವು. ಕೇರೆ ಹಾವು ಮೊಟ್ಟೆಗೆ ಬರುತ್ತಿದ್ದ ದಾರಿ ಅದೇ. ಟಾರ್ಪಾಲಿನ್ ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಕಟ್ಟುವಂತೆ ಮಾಡಿ, ಮೇಲ್ಗಡೆ ಒಂದು ಅಡಿಯಷ್ಟು ಸದಾ ತೆರೆದಿರುವಂತೆ ಬಿಟ್ಟಿದ್ದೇವೆ. ಮಳೆಗಾಲದಲ್ಲಿ ಪೂರ್ತಿ ಮುಚ್ಚಿದರೆ ಹಾಸಿನಿಂದ ಏಳುವ ಅಮೋನಿಯ ಹೊರಹೋಗಲು ದಾರಿಯಿರದೆ ಕಣ್ಣು, ಶ್ವಾಸಕೋಶ ಎರಡೂ ಕೆಡುತ್ತವೆ.

ಕೂರುವ ಗಳುಗಳನ್ನೆಲ್ಲ ಒಂದೇ ಎತ್ತರದಲ್ಲಿ ಹಾಕಬೇಕು, ಇಲ್ಲವಾದರೆ ಮೇಲಿನದಕ್ಕಾಗಿ ಪ್ರತಿ ಸಂಜೆ ಜಗಳ. ಮೊಟ್ಟೆಗೂಡುಗಳು ಒಂದು ಅಡಿ ಉದ್ದ-ಅಗಲ-ಎತ್ತರದವು, ಗಳುಗಳಿಗಿಂತ ಕೆಳಗೆ, ಕತ್ತಲೆಯ ಮೂಲೆಯಲ್ಲಿ. ನೆಲದ ಹಾಸು ಭತ್ತದ ಹೊಟ್ಟು. ತೋಟದ ಸೀಮೆಯಲ್ಲಿ ಕಾಫಿ ಸಿಪ್ಪೆ ಪುಕ್ಕಟೆ ಸಿಗುತ್ತದಾದರೂ ತೇವದಲ್ಲಿ ಬೇಗ ಬೂಷ್ಟು ಹಿಡಿಯುವುದನ್ನು ಕೋಳಿ ಕೆದಕಿ ತಿನ್ನುವ ಜಾಗಕ್ಕೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಗುರುತು ಮತ್ತು ಬೀಳುಬಾಗಿಲು

ಯಾವ ಮರಿ ಯಾರದೆಂದು ತಿಳಿಯದಿದ್ದರೆ ಮೂರು ಕೋಣೆ ಕಟ್ಟಿಯೂ ಪ್ರಯೋಜನವಿಲ್ಲ. ಕೋಳಿಯ ಮುಂದಿನ ಮೂರು ಬೆರಳುಗಳ ನಡುವೆ ಕಾಲಿಗೆ ಎರಡರಂತೆ ಒಟ್ಟು ನಾಲ್ಕು ತೊಗಲಿನ ಪರೆಗಳಿವೆ. ಮರಿ ಒಡೆದ ದಿನವೇ ಸಣ್ಣ ಪಂಚ್‌ನಿಂದ ಇವುಗಳಲ್ಲಿ ತೂತು ಮಾಡಿದರೆ, ತೂತು ಇರುವ ಇಲ್ಲದಿರುವ ಜೋಡಣೆಗಳಿಂದ 16 ಗುರುತುಗಳು ಸಿಗುತ್ತವೆ. ಮೂರು ವಂಶಕ್ಕೂ ಆಯಾ ವರ್ಷದ ಗುಂಪಿಗೂ ಇಷ್ಟು ಧಾರಾಳ. ದೊಡ್ಡವಾದ ಮೇಲೆ ಕಾಲಿಗೆ ಬಣ್ಣದ ಉಂಗುರ.

ಮೊಟ್ಟೆಯ ಲೆಕ್ಕ ಇನ್ನೂ ಕಷ್ಟ. ಎಂಟು ಹೇಂಟೆಗಳ ಕೋಣೆಯಲ್ಲಿ ದಿನಕ್ಕೆ ಮೂರು ಮೊಟ್ಟೆ ಸಿಕ್ಕರೆ ಅವು ಯಾರವೆಂದು ಹೇಳಲಾಗದು. ಆದ್ದರಿಂದ ಗೂಡುಗಳ ಬಾಯಿಗೆ ಮೇಲಿನಿಂದ ತೂಗುವ ಪ್ಲೈವುಡ್ ಬಾಗಿಲನ್ನು ಕೀಲಿಗೆ ಹಾಕಿ, ಅದನ್ನು ಅರ್ಧಕ್ಕೆ ಎತ್ತಿ ಒಂದು ಸಡಿಲವಾದ ಕಡ್ಡಿಯ ಮೇಲೆ ನಿಲ್ಲಿಸಿದೆವು. ಒಳಗೆ ನುಗ್ಗುವ ಹೇಂಟೆಯ ಬೆನ್ನು ಬಾಗಿಲನ್ನು ತುಸು ಎತ್ತಿದೊಡನೆ ಕಡ್ಡಿ ಉರುಳಿ ಬಾಗಿಲು ಅದರ ಹಿಂದೆ ಮುಚ್ಚಿಕೊಳ್ಳುತ್ತದೆ. ನಾವು ಹೋಗಿ ತೆಗೆದು, ಉಂಗುರ ನೋಡಿ ಬರೆದುಕೊಂಡು ಹೊರಗೆ ಬಿಡಬೇಕು. ಬಹಳಷ್ಟು ಮೊಟ್ಟೆಗಳು ಮಧ್ಯಾಹ್ನದೊಳಗೆ ಬರುವುದರಿಂದ ಬೆಳಗಿನ ಹೊತ್ತು ಗಂಟೆಗೊಮ್ಮೆಯಾದರೂ ಹೋಗಬೇಕಾಗುತ್ತದೆ, ಹೊಲ-ತೋಟದ ಕೆಲಸವಿರುವ ಮನೆಯಲ್ಲಿ ದಿನವೂ ಆಗುವ ಮಾತಲ್ಲ. ವಾರದ ಮೂರು ದಿನ ಮಾತ್ರ ಬಾಗಿಲು ಕಟ್ಟುತ್ತೇವೆ. ಒಟ್ಟು ಸಂಖ್ಯೆ ನಿಖರವಾಗಿ ತಿಳಿಯದಿದ್ದರೂ ಯಾವುದು ಮುಂದು, ಯಾವುದು ಹಿಂದು ಎಂಬ ಕ್ರಮ ತಿಳಿಯುತ್ತದೆ, ಆಯ್ಕೆಗೆ ಅಷ್ಟು ಸಾಕು.

ಈ ಶ್ರಮ ಏಕೆಂದರೆ ಎಲ್ಲ ಗುಣಗಳೂ ಸಮಾನವಾಗಿ ವಂಶಕ್ಕೆ ಇಳಿಯುವುದಿಲ್ಲ. ಮೈತೂಕ ಮತ್ತು ಮೊಟ್ಟೆಯ ಗಾತ್ರಗಳಲ್ಲಿ ಕೋಳಿಯಿಂದ ಕೋಳಿಗೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟು ವಂಶದ್ದು. ಮೊಟ್ಟೆಗಳ ಸಂಖ್ಯೆಯಲ್ಲಿ ಆ ಪಾಲು ಬಹಳ ಕಡಿಮೆ, ಸಾಮಾನ್ಯವಾಗಿ ಹತ್ತರಲ್ಲೊಂದರಿಂದ ಐದರಲ್ಲೊಂದರಷ್ಟು. ಉಳಿದದ್ದು ಆಹಾರ, ಬೆಳಕು, ಆರೋಗ್ಯ, ನಾವು ನೋಡಿಕೊಳ್ಳುವ ರೀತಿ. ಆದ್ದರಿಂದ ದಪ್ಪ ಹುಂಜವನ್ನು ಕಣ್ಣಳತೆಯಲ್ಲಿ ಆರಿಸಿದರೂ ಮರಿಗಳ ತೂಕ ಏರುತ್ತದೆ, ಆದರೆ ಮೊಟ್ಟೆಯ ಸಂಖ್ಯೆಯನ್ನು ಲೆಕ್ಕವಿಲ್ಲದೆ ಏರಿಸಲಾಗದು. ಅದಲ್ಲದೆ ತೂಕ ಏರಿದಂತೆ ಮೊಟ್ಟೆಯ ಸಂಖ್ಯೆ ಇಳಿಯುವ ಒಲವು ಕೋಳಿಗಳಲ್ಲಿದೆ. ಹಬ್ಬಕ್ಕೆ ತೂಕದ ಹುಂಜವನ್ನು ಉಳಿಸಿಕೊಂಡು ಬಂದ ಮನೆಗಳಲ್ಲಿ ಮೊಟ್ಟೆ ಕಡಿಮೆಯಾಗಿದ್ದರೆ ಅದು ಈ ಆಯ್ಕೆಯ ಪರಿಣಾಮವೂ ಆಗಿರಬಹುದೆಂದು ನನಗನಿಸುತ್ತದೆ.

ಹುಂಜದ ಸರದಿ

ನಮ್ಮ ಊರುಗಳಲ್ಲಿ ಒಂದು ಮನೆಗೆ ಒಂದು ಹುಂಜ, ಅದರ ಮಗನೇ ಮುಂದಿನ ಹುಂಜ. ಒಂದು ಹುಂಜ ಹತ್ತು ಹೇಂಟೆಗಳಿದ್ದರೆ ವಂಶದ ವೈವಿಧ್ಯ ಉಳಿಸುವ ವಿಷಯದಲ್ಲಿ, ತಳಿಶಾಸ್ತ್ರದ ಲೆಕ್ಕದಂತೆ, ಆ ಗುಂಪು ನಾಲ್ಕು ಕೋಳಿಗೂ ಸಮವಲ್ಲ, 3.6ಕ್ಕೆ ಸಮ, ಹುಂಜ-ಹೇಂಟೆಗಳ ಸಂಖ್ಯೆಗಳ ಗುಣಲಬ್ಧವನ್ನು ನಾಲ್ಕರಿಂದ ಗುಣಿಸಿ ಅವೆರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಅಂಕಿ ಇದು. ಅಂಥ ಗುಂಪಿನಲ್ಲಿ ಪೀಳಿಗೆಗೆ ಸುಮಾರು ಶೇಕಡಾ 14ರಂತೆ ಒಳಸಂಬಂಧ, ಅಂದರೆ ಹತ್ತಿರದ ರಕ್ತದವು ಕೂಡುವುದರ ಪ್ರಮಾಣ, ಏರುತ್ತದೆ, ಅದರ ಫಲ ಮೊದಲು ಕಾಣುವುದು ಒಡೆಯದ ಮೊಟ್ಟೆಗಳಲ್ಲಿ ಮತ್ತು ಮೊದಲ ವಾರದಲ್ಲೇ ಸಾಯುವ ಮರಿಗಳಲ್ಲಿ. ಇದಕ್ಕೆ ಎಷ್ಟು ಒಳ್ಳೆಯ ಆಹಾರ ಹಾಕಿದರೂ ಪರಿಹಾರವಿಲ್ಲ. ಮೂರು ಹುಂಜ, 24 ಹೇಂಟೆಗಳಿರುವ ನಮ್ಮ ಗುಂಪಿಗೆ ಅದೇ ಸೂತ್ರ ಹಾಕಿದರೆ 10.7 ಬರುತ್ತದೆ, ಏರಿಕೆ ಪೀಳಿಗೆಗೆ ಶೇಕಡಾ 5ರೊಳಗೆ ನಿಲ್ಲುತ್ತದೆ.

ಸರದಿಯ ಕ್ರಮ ಸರಳ. ಹೆಣ್ಣು ಮರಿಗಳು ತಾಯಿಯ ಕೋಣೆಯಲ್ಲೇ ಉಳಿಯುತ್ತವೆ, ಗಂಡು ಮರಿಗಳಲ್ಲಿ ಆಯ್ದದ್ದು ಮಾತ್ರ ಮುಂದಿನ ಕೋಣೆಗೆ ಹೋಗುತ್ತದೆ: ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ. ಹೀಗೆ ಯಾವ ಹುಂಜವೂ ತನ್ನ ಅಕ್ಕತಂಗಿಯರನ್ನು ಕೂಡುವುದಿಲ್ಲ. ಹುಂಜ ಬದಲಿಸಿದ ಕೂಡಲೆ ಮರಿಗೆ ಮೊಟ್ಟೆ ಇಡಬಾರದು. ಹೇಂಟೆಯ ದೇಹದಲ್ಲಿ ಹಿಂದಿನ ಹುಂಜದ ವೀರ್ಯ ಎರಡು ಮೂರು ವಾರ ಜೀವಂತವಾಗಿರುತ್ತದೆ. ಮೂರು ವಾರದ ಮೊಟ್ಟೆಗಳೆಲ್ಲ ಅಡಿಗೆಮನೆಗೆ ಹೋಗುತ್ತವೆ.

ಬಣ್ಣ ನೋಡಿ ಶುದ್ಧತೆ ಹೇಳುವವರಿಗೆ ಒಂದು ಮಾತು. ಪಕ್ಕದ ಊರಿನವರೊಬ್ಬರು ಚರ್ಮವೂ ಕಪ್ಪಾಗಿರುವ ಕಡಕ್‌ನಾಥ್ ತಳಿಯ ಹುಂಜವನ್ನು ನಾಟಿ ಹೇಂಟೆಗಳ ಮೇಲೆ ಬಿಟ್ಟಾಗ ಹೆಣ್ಣು ಮರಿಗಳು ಕಪ್ಪು ಚರ್ಮದವೂ ಗಂಡು ಮರಿಗಳು ಮಾಸಲು ಚರ್ಮದವೂ ಆಗಿ, ಹುಂಜ ಕಲಬೆರಕೆಯೆಂದು ಅವರು ಶಂಕಿಸಿದರು. ಅದು ಕಲಬೆರಕೆಯ ಲಕ್ಷಣವಲ್ಲ. ಚರ್ಮವನ್ನು ಕಪ್ಪಾಗಿಸುವ ಗುಣ ಪ್ರಬಲವಾದುದು, ಆದರೆ ಆ ಕಪ್ಪನ್ನು ತಡೆಯುವ ಇನ್ನೊಂದು ಗುಣ ಲಿಂಗ ವರ್ಣತಂತುವಿನಲ್ಲಿದ್ದು ತಾಯಿಯಿಂದ ಗಂಡು ಮರಿಗಳಿಗೆ ಮಾತ್ರ ಇಳಿಯುತ್ತದೆ. ಕಪ್ಪು ಚರ್ಮದ ಸಿಲ್ಕಿ ಕೋಳಿಗಳಲ್ಲಿ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ ಇದನ್ನು 1911ರಲ್ಲೇ ತೋರಿಸಿದ್ದರು. ಅಂದರೆ ಬೆರಕೆ ಹೆಣ್ಣು ಮರಿಯೂ ಸಂತೆಯಲ್ಲಿ ಕಡಕ್‌ನಾಥ್ ಎಂದು ಮಾರಾಟವಾಗಬಲ್ಲದು.

ಆಹಾರ

ಪಶ್ಚಿಮದ ಕೋಣೆ ಉಳಿದೆರಡಕ್ಕಿಂತ ತಂಪು, ತೇವ ಹೆಚ್ಚು. ಮರಿಗಳನ್ನು ಆಯಾ ವಂಶದ ಕೋಣೆಯಲ್ಲೇ ಬೆಳೆಸಿದ್ದರೆ ಕೋಣೆಯ ಗುಣವೂ ವಂಶದ ಗುಣವೂ ಕಲೆತು ಹೋಗುತ್ತಿದ್ದವು. ಆದ್ದರಿಂದ ಮೂರೂ ವಂಶದ ಮರಿಗಳನ್ನು ಬೆರಳಿನ ಗುರುತು ಹಾಕಿ ನಾಲ್ಕನೆಯ ಕೋಣೆಯಲ್ಲಿ ಒಟ್ಟಿಗೆ, ಒಂದೇ ತಟ್ಟೆಯ ಆಹಾರದಲ್ಲಿ ಬೆಳೆಸಿದೆವು. ಅಲ್ಲಿ ಉಳಿಯುವ ವ್ಯತ್ಯಾಸವನ್ನು ವಂಶದ್ದೆನ್ನಬಹುದು. ಅದರ ಜೊತೆಗೇ ಅರಕಲಗೂಡು ವಂಶದ ಒಂದೇ ತಂಡದ ಮರಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಅಕ್ಕಿನುಚ್ಚು, ರಾಗಿ ಮತ್ತು ಅಂಗಳದ ಹುಳುಹುಪ್ಪಟೆ, ಇನ್ನೊಂದಕ್ಕೆ ಶೇಕಡಾ 20ರಷ್ಟು ಪ್ರೋಟೀನಿನ ಮರಿ ಫೀಡು ಕೊಟ್ಟೆವು. ಅಲ್ಲಿಯ ವ್ಯತ್ಯಾಸ ಆಹಾರದ್ದು.

ಎಂಟು ವಾರ ಕಳೆಯುವಾಗ ಎರಡು ಪಾಲು ಮಾಡಿದ ಮರಿಗಳ ನಡುವಿನ ಅಂತರ ತಕ್ಕಡಿಯೇ ಬೇಡವೆನ್ನುವಷ್ಟಿತ್ತು. ನುಚ್ಚಿನ ಮರಿಗಳಿಗೆ ರೆಕ್ಕೆಯ ಪುಕ್ಕ ತಡವಾಗಿ ಬಂದವು, ಎದೆಯ ಮೂಳೆ ಕೈಗೆ ಚೂಪಾಗಿ ಸಿಗುತ್ತಿತ್ತು. ಕಾರಣ ಸ್ಪಷ್ಟ: ರಾಗಿಯಲ್ಲಿ ಸುಮಾರು ಶೇಕಡಾ 7, ಅಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಪ್ರೋಟೀನ್ ಇದೆ, ಮರಿಗೆ ಬೇಕಾದದ್ದು ಅದರ ಮೂರು ಪಟ್ಟು; ಅದರಲ್ಲೂ ಧಾನ್ಯಗಳಲ್ಲಿ ಲೈಸಿನ್ ಎಂಬ ಅಗತ್ಯ ಪ್ರೋಟೀನ್ ಘಟಕ ಕಡಿಮೆ. ಹಿಂದಿನವರು ಮಡಕೆಯಲ್ಲಿ ಸಗಣಿ, ಒಣಹುಲ್ಲು ತುಂಬಿ ಹೊಲದ ಬದುವಿನಲ್ಲಿ ಕವುಚಿಟ್ಟು ಗೆದ್ದಲು ಹಿಡಿದು ಮರಿಗಳಿಗೆ ಉದುರಿಸುತ್ತಿದ್ದದ್ದು ಈ ಕೊರತೆಗೇ. ಬಲಿತ ಮೇಲೆ ಎರಡೂ ಪಾಲಿನ ತೂಕದ ಅಂತರ ಕಿರಿದಾಯಿತು, ಆದರೆ ನುಚ್ಚಿನ ಹೇಂಟೆಗಳು ಮೊಟ್ಟೆಗೆ ಬಂದದ್ದು ತಡವಾಗಿಯೇ. ಒಟ್ಟಿಗೆ ಬೆಳೆದ ಮೂರು ವಂಶಗಳಲ್ಲಿ ಘಟ್ಟದ ಕಡೆಯವು ಸಣ್ಣ ಮೈಯವಾಗಿಯೇ ಉಳಿದವು, ಒಳ್ಳೆಯ ಫೀಡು ತಿಂದೂ ಎಲುಬಿನ ಚೌಕಟ್ಟು ದೊಡ್ಡದಾಗಲಿಲ್ಲ. ತೋಟದವರು ಅವು ಸಣ್ಣವೆಂದಾಗ, ಹೊಟ್ಟೆಗಿಲ್ಲದೆ ಹಾಗಿರಬೇಕೆಂದು ನಾನು ಊಹಿಸಿದ್ದೆ. ಹಾಗಲ್ಲವೆಂದು ಈಗ ಗೊತ್ತಾಯಿತು.

ದೊಡ್ಡ ಕೋಳಿಗಳ ಮಿಶ್ರಣವನ್ನು ಮನೆಯಲ್ಲೇ ಮಾಡುತ್ತೇವೆ. ನೂರು ಕಿಲೋಗೆ ಮುಸುಕಿನ ಜೋಳದ ನುಚ್ಚು 58, ಅಕ್ಕಿ ತೌಡು 22, ಸೋಯಾ ಹಿಂಡಿ 14, ಒಣಮೀನಿನ ಪುಡಿ 3, ಖನಿಜ ಮಿಶ್ರಣ ಎರಡೂವರೆ, ಉಪ್ಪು ಅರ್ಧ ಕಿಲೋ. ಜೋಳಕ್ಕೆ ಶೇಕಡಾ 9, ತೌಡಿಗೆ 12, ಸೋಯಾ ಹಿಂಡಿಗೆ ಮತ್ತು ಮೀನಿಗೆ 45 ಎಂದು ಹಿಡಿದರೆ ಒಟ್ಟು ಪ್ರೋಟೀನ್ ಶೇಕಡಾ 15.5 ಬರುತ್ತದೆ. ಫಾರಂ ಕೋಳಿಯ ಲೆಕ್ಕ ಇದಕ್ಕಿಂತ ಮೇಲೆ, ಆದರೆ ಅದು ವರ್ಷಕ್ಕೆ ಮುನ್ನೂರರಷ್ಟು ಮೊಟ್ಟೆಯಿಡುವ ತಳಿಗೆ ಮಾಡಿದ್ದು. ಹೆಚ್ಚು ಶಕ್ತಿಯ ಆಹಾರ ಸುರಿದರೆ ನಾಟಿ ಹೇಂಟೆಗೆ ಹೊಟ್ಟೆಯಲ್ಲಿ ಕೊಬ್ಬು ಕಟ್ಟುತ್ತದೆ, ಮೊಟ್ಟೆ ಮುನ್ನೂರಾಗುವುದಿಲ್ಲ. ಸುಣ್ಣದಂಶಕ್ಕೆ ಕಪ್ಪೆಚಿಪ್ಪಿನ ಚೂರನ್ನು ಮಿಶ್ರಣಕ್ಕೆ ಹಾಕದೆ ಬೇರೆ ಬುಟ್ಟಿಯಲ್ಲಿ ಇಟ್ಟಿದ್ದೇವೆ. ಒಂದು ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು, ಚಿಪ್ಪು ಮುಖ್ಯವಾಗಿ ರಾತ್ರಿ ಕಟ್ಟುವುದರಿಂದ ಮೊಟ್ಟೆಯಿಡುವ ಹೇಂಟೆ ಸಂಜೆ ತಾನಾಗಿ ಹೋಗಿ ತಿನ್ನುತ್ತದೆ; ಹುಂಜಕ್ಕೂ ಬೆಳೆಯುವ ಮರಿಗೂ ಅಷ್ಟು ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಕೆಡುಕು.

ಮಲೆನಾಡಿನ ಅಂಚಿನಲ್ಲಿ ಆಹಾರದ ದೊಡ್ಡ ಶತ್ರು ಬೂಷ್ಟು. ಜೋಳದ ತೇವ ಶೇಕಡಾ 13ರ ಆಸುಪಾಸಿಗೆ ಇಳಿಯದೆ ಚೀಲ ಕಟ್ಟಿದರೆ ಅಫ್ಲಾಟಾಕ್ಸಿನ್ ಎಂಬ ವಿಷವನ್ನುಂಟುಮಾಡುವ ಶಿಲೀಂಧ್ರ ಬೆಳೆಯುತ್ತದೆ, ಅದು ಯಕೃತ್ತನ್ನು ಕೆಡಿಸಿ ಮೊಟ್ಟೆಯನ್ನು ತಗ್ಗಿಸುತ್ತದೆ, ಲಸಿಕೆಗೆ ಮೈ ಸ್ಪಂದಿಸುವುದನ್ನೂ ಕುಗ್ಗಿಸುತ್ತದೆ. ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಕಡಲೆಕಾಯಿ ಹಿಂಡಿಗೂ ಇದೇ ಭಯವಿರುವುದರಿಂದ ಮಳೆಗಾಲದಲ್ಲಿ ಅದನ್ನು ಮುಟ್ಟುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕಾಗುವಷ್ಟನ್ನೇ ಬೀಸಿಸಿ, ಅಡಿಕೆ ದಬ್ಬೆಯ ಅಟ್ಟಣೆಯ ಮೇಲೆ ಗೋಡೆಗೆ ತಾಗದಂತೆ ಇಡುತ್ತೇವೆ.

ಮೊಟ್ಟೆಯ ಸಂಖ್ಯೆಯಲ್ಲಿ ಆಹಾರವೂ ಅಲ್ಲದ ಇನ್ನೊಂದು ಪಾಲಿದೆ. ನಾಟಿ ಹೇಂಟೆ ಹನ್ನೆರಡು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ, 21 ದಿನ ಕಾವು, ಆಮೇಲೆ ಎರಡು ಮೂರು ತಿಂಗಳು ಮರಿಗಳ ಹಿಂದೆ ತಿರುಗಾಟ. ವರ್ಷಕ್ಕೆ 50ರಿಂದ 80 ಎಂಬ ಅಂಕಿ ಹೀಗೆ ಬರುವುದು. ಮರಿಗಳನ್ನು ಬೇಗನೆ ನಾಲ್ಕನೆಯ ಕೋಣೆಯ ಬಲ್ಬಿನ ಕೆಳಗೆ, ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ ಬೆಳೆಸಿದರೆ ತಾಯಿ ಬೇಗ ಮೊಟ್ಟೆಗೆ ಮರಳುತ್ತದೆ. ಮರಿ ಬೇಡದ ಕಾಲದಲ್ಲಿ ಕಾವಿಗೆ ಕೂತದ್ದನ್ನು ಹಾಸಿಲ್ಲದ, ತಳಕ್ಕೆ ಮೆಶ್ ಇರುವ ತೂಗುಪಂಜರದಲ್ಲಿ ಇಟ್ಟರೆ ಹೊಟ್ಟೆಯ ಭಾಗಕ್ಕೆ ಗಾಳಿಯಾಡಿ ಕಾವು ಕೆಲವೇ ದಿನಗಳಲ್ಲಿ ಬಿಡುತ್ತದೆ. ನೀರಿನಲ್ಲಿ ಮುಳುಗಿಸುವ ಹಳೆಯ ಪದ್ಧತಿ ಬೇಡ. ಕಾವಿಗೆ ಕೂರುವ ಗುಣ ವಂಶದ್ದಾದ್ದರಿಂದ ಆಯ್ಕೆ ಮಾಡುತ್ತ ಹೋದರೆ ಅದನ್ನು ಕಳೆಯಬಹುದು, ಲೆಗ್‌ಹಾರ್ನ್ ಎಂಬ ಮೊಟ್ಟೆ ಕೋಳಿಯ ತಳಿಯಲ್ಲಿ ಕಳೆದಿದ್ದಾರೆ. ನಾನು ಕಳೆಯುವುದಿಲ್ಲ. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟಿಲ್ಲದ ಊರಿನಲ್ಲಿ ಇನ್‌ಕ್ಯುಬೇಟರಿಗಿಂತ ಹೇಂಟೆಯೇ ನಂಬಿಕೆಗೆ ಯೋಗ್ಯ.

ಹಳದಿ ಕಾಲಿನ ಮೂರು ಕಾರಣ

ಆರಂಭದಲ್ಲಿ ಹೇಳಿದ ಮೂರು ಲಕ್ಷಣಗಳಲ್ಲಿ ಎರಡು ಸುಲಭ. ಚಿಪ್ಪಿನ ಕಂದು ಬಣ್ಣ ವಂಶದ್ದು, ಅದು ಫಾರಂನ ಕಂದು ಮೊಟ್ಟೆಯ ತಳಿಗಳಲ್ಲೂ ಇರುವುದರಿಂದ ನಾಟಿಯ ಪುರಾವೆಯಾಗಲಾರದು. ಒಳಗಿನ ಹಳದಿಯ ಬಣ್ಣವನ್ನು ಹೇಂಟೆ ತಾನಾಗಿ ತಯಾರಿಸಲಾರದು; ಹಸಿರು ಸೊಪ್ಪು, ಹಳದಿ ಜೋಳಗಳಿಂದ ಬರಬೇಕು. ಚೆಂಡುಹೂವಿನ ಸಾರವನ್ನು ಫೀಡಿಗೆ ಸೇರಿಸಿ ಯಾವ ಕೋಳಿಯಿಂದಲಾದರೂ ಕೇಸರಿ ಹಳದಿಯನ್ನು ಪಡೆಯಬಹುದು, ಫಾರಂಗಳಲ್ಲಿ ಪಡೆಯುತ್ತಾರೆ ಕೂಡ.

ಕಾಲಿನ ವಿಷಯ ಹಾಗಲ್ಲ. ಆಹಾರದ ಹಳದಿ ವರ್ಣಕವನ್ನು ಒಡೆಯುವ ಒಂದು ಕಿಣ್ವ ಕೋಳಿಯ ಚರ್ಮದಲ್ಲಿದೆ. ಅದರ ಜೀನ್ ಚರ್ಮದಲ್ಲಿ ಕೆಲಸ ಮಾಡದಿದ್ದರೆ ವರ್ಣಕ ಶೇಖರವಾಗಿ ಕಾಲು ಹಳದಿಯಾಗುತ್ತದೆ. ಈ ಗುಣ ಅಪ್ರಬಲವಾದ್ದರಿಂದ ತಂದೆ ತಾಯಿ ಇಬ್ಬರಿಂದಲೂ ಬರಬೇಕು. ನಾಡಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿಯಾದರೂ ಹಳದಿ ಚರ್ಮದ ಈ ಜೀನ್ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬೂದು ಕಾಡುಕೋಳಿ ನಮ್ಮ ಪಶ್ಚಿಮಘಟ್ಟದ, ದಕ್ಷಿಣ ಭಾರತದ ಹಕ್ಕಿ. ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಬೆಳಗಿನ ಜಾವ ಕೂಗುವುದು ಅದೇ. ಲೋಕದ ಮೂಲೆಮೂಲೆಯ ಹಳದಿ ಕಾಲಿನ ಫಾರಂ ಕೋಳಿಗಳಲ್ಲೆಲ್ಲ ಇದರ ಒಂದು ಚೂರು ಇದೆಯೆನ್ನುವುದು ನನಗೆ ಈಗಲೂ ವಿಸ್ಮಯದ ಸಂಗತಿ. ಹಾಗೆಂದು ಯಾರೂ ಕಾಡುಕೋಳಿಯನ್ನು ಹಿಡಿದು ತರುವ ಯೋಚನೆ ಮಾಡಬಾರದು, ಅದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ನಮ್ಮ ನುಚ್ಚಿನ ಪಾಲಿನ ಮರಿಗಳಲ್ಲಿ, ಹಳದಿ ಕಾಲಿನ ತಂದೆ ತಾಯಿಯ ಮಕ್ಕಳಾಗಿದ್ದೂ, ಅಂಗಳದ ಹಸಿರು ಸಿಗದ ದಿನಗಳಲ್ಲಿ ಕಾಲು ಬಿಳಿಚಿತು. ಜೋಳ ಸೇರಿಸಿದ ಮೇಲೆ ಹಳದಿ ಮರಳಿತು. ಬಿಳಿ ಚರ್ಮದ ವಂಶದ ಮರಿಗಳು ಅದೇ ಜೋಳವನ್ನು ತಿಂದು ಬಿಳಿಯಾಗಿಯೇ ಉಳಿದವು. ಮೂರನೆಯ ಕಾರಣ ಇನ್ನೂ ಉಪಯುಕ್ತ: ಮೊಟ್ಟೆಯಿಡತೊಡಗಿದ ಹೇಂಟೆ ವರ್ಣಕವನ್ನು ಮೊಟ್ಟೆಯ ಹಳದಿಗೆ ಕಳಿಸುವುದರಿಂದ ಅದರ ಮೈಯ ಹಳದಿ ಒಂದು ಕ್ರಮದಲ್ಲಿ ಮಾಸುತ್ತದೆ, ಮೊದಲು ಗುದದ್ವಾರದ ಸುತ್ತ, ಆಮೇಲೆ ಕಣ್ಣಿನ ಸುತ್ತ, ಕಿವಿಯ ಹಾಲೆ, ಕೊಕ್ಕು, ಕೊನೆಗೆ ಕಾಲು. ಮೊಟ್ಟೆ ನಿಲ್ಲಿಸಿದಾಗ ಅದೇ ಕ್ರಮದಲ್ಲಿ ಮರಳುತ್ತದೆ. ಆದ್ದರಿಂದ ಜೋಳ ತಿನ್ನುವ ಹಳದಿ ವಂಶದ ಗುಂಪಿನಲ್ಲಿ ಕಾಲು ಬಿಳಿಚಿದ ಹೇಂಟೆಯೇ ಹೆಚ್ಚು ಕಾಲದಿಂದ ಮೊಟ್ಟೆಯಿಡುತ್ತಿರುವುದು, ಹೊಳೆಯುವ ಹಳದಿ ಕಾಲಿನದು ಸೋಮಾರಿ. ಸಂತೆಯಲ್ಲಿ ಕಾಲಿನ ಹೊಳಪು ನೋಡಿ ಹೆಚ್ಚು ಬೆಲೆ ಕೊಡುವವರು ಮೊಟ್ಟೆಯಿಡದ ಹೇಂಟೆಗೆ ಬೆಲೆ ಕೊಡುತ್ತಿರುವ ಸಂಭವವೇ ಹೆಚ್ಚು. ಬೀಳುಬಾಗಿಲಿನ ಪಟ್ಟಿಯನ್ನೂ ಕಾಲಿನ ಬಣ್ಣವನ್ನೂ ಎದುರುಬದುರು ಇಟ್ಟು ನೋಡಿದಾಗ ಹಳದಿ ವಂಶಗಳಲ್ಲಿ ಎರಡೂ ಹೊಂದಿದವು. ಬಿಳಿ ಚರ್ಮದವುಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅವಕ್ಕೆ ಹಿಂಭಾಗದ ಎರಡು ಎಲುಬಿನ ತುದಿಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆಯೇ ಎಂದು ನೋಡಬೇಕು.

ಲಸಿಕೆ, ಮುಂದಿನ ಕೆಲಸ

ನಾಟಿ ಕೋಳಿಗೆ ರೋಗ ಬರುವುದಿಲ್ಲವೆಂಬ ಮಾತನ್ನು ನಂಬಬಾರದು. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದಾಗ ನಾಟಿ ಅಂಗಳಗಳೂ ಖಾಲಿಯಾಗುತ್ತವೆ. ಮೊದಲ ವಾರದಲ್ಲಿ ಕಣ್ಣಿಗೆ ಲಸೋಟಾ ಎಂಬ ಲಸಿಕೆಯ ಹನಿ, ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ, ಎಂಟನೆಯ ವಾರದಲ್ಲಿ ಅದೇ ರೋಗಕ್ಕೆ ಆರ್‌2ಬಿ ಎಂಬ ಚುಚ್ಚುಮದ್ದು ಹಾಕಿಸುತ್ತೇವೆ. ಸೀಸೆ ಕನಿಷ್ಠ ನೂರು ಕೋಳಿಗಾಗುವಷ್ಟು ದೊಡ್ಡದಿದ್ದು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕಾದ್ದರಿಂದ ಅಕ್ಕಪಕ್ಕದ ಮನೆಗಳವರು ಸೇರಿ ಒಂದೇ ಬೆಳಿಗ್ಗೆ ಐಸ್ ಡಬ್ಬಿಯಲ್ಲಿ ತರಿಸಿಕೊಳ್ಳುವುದು ವಾಡಿಕೆಯಾಗಿದೆ. ಹಾಸು ಒದ್ದೆಯಾದಾಗ ಮರಿಗಳಿಗೆ ಬರುವ ರಕ್ತಭೇದಿಗೆ ಹಾಸನ್ನು ಒಣಗಿಸುವುದಕ್ಕಿಂತ ದೊಡ್ಡ ಔಷಧವಿಲ್ಲ. ನೀರಿನ ತಟ್ಟೆಗಳನ್ನು ಮೆಶ್ ಹೊದಿಸಿದ ಚೌಕಟ್ಟಿನ ಮೇಲೆ ಇಟ್ಟ ಬಳಿಕ ಚೆಲ್ಲಿದ ನೀರು ಹೊಟ್ಟಿಗೆ ಇಳಿಯುವುದು ನಿಂತಿತು.

ಒಂದು ಮಳೆಗಾಲಕ್ಕೆ ಬೀಳುಬಾಗಿಲುಗಳ ಪ್ಲೈವುಡ್ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿರುವುದರಿಂದ ಅವುಗಳ ಜಾಗಕ್ಕೆ ಅಲ್ಯೂಮಿನಿಯಂ ಹಾಳೆ ಹಾಕಬೇಕಾಗಿದೆ. ದೀಪಾವಳಿಯ ಹೊತ್ತಿಗೆ ಈ ವರ್ಷದ ಹುಂಜಗಳು ಬಲಿತು ಸರದಿ ನಡೆಯಬೇಕು. ಹುಂಜ ಮೊಟ್ಟೆಯಿಡುವುದಿಲ್ಲವಾದ್ದರಿಂದ ಅದರ ತಾಯಿ ಮತ್ತು ಅಕ್ಕತಂಗಿಯರ ಪಟ್ಟಿಯೇ ಅದರ ಅರ್ಹತೆ. ಘಟ್ಟದ ವಂಶದಲ್ಲಿ ನೋಡಲು ಚೆಂದವಾದ, ಕೆಂಪು ಹೊಳಪಿನ ಒಂದು ಹುಂಜವಿದೆ, ಮನೆಯವರೆಲ್ಲರ ಓಟು ಅದಕ್ಕೆ. ಅದರ ತಾಯಿಯ ಪಟ್ಟಿ ಎಂಟು ಹೇಂಟೆಗಳಲ್ಲಿ ಕೊನೆಯದು. ಮೂರನೆಯ ಕೋಣೆಯಿಂದ ಒಂದನೆಯದಕ್ಕೆ ಹೋಗುವುದು ಅದಲ್ಲ, ಅದರ ಪಕ್ಕದಲ್ಲಿರುವ ಬೂದು ಕುತ್ತಿಗೆಯ ಸಾಧಾರಣ ಹುಂಜ.